ತಮಟೆ ಬಡಿದಾದ ಮೇಲೆ

ಕಂಬೈನಲ್ಲೂರು ಪಕ್ಕದ ನಮ್ಮ ಹಟ್ಟಿ,
1937ನೇ ಇಸವಿ ಮಾರ್ಚಿ 9ನೇ ತಾರೀಕು, ಮಂಗಳವಾರ ಬೆಳಿಗ್ಗೆ

ತಮ್ಮ ಚಿಕ್ಕಮುನಿಯಪ್ಪನಿಗೆ ನಿನ್ನ ಅಣ್ಣ ಮುನಿಕೃಷ್ಣಪ್ಪ ಬರೆಯೋದು. ಗಣಿ ಧೂಳಿಂದ ಬಂದಿದ್ದ ಕೆಮ್ಮು ಈಗ ಹೆಂಗೈತೆ? ಒಣಕೆಮ್ಮೋ, ಕಫ ಬೀಳ್ತದೋ? ಮಂಜುಳಮ್ಮನೂ ಕೂಸೂ ಚೆನ್ನಾಗಿ ಐದಾರೆ ಅಂದ್ಕೊಂಡಿದೀನಿ. ನಿಮ್ಮ ಕೋಲಾರದ ಗಣೀಲಿ ನಿನ್ನ ಜತೆ ಕೆಲಸ ಮಾಡೋ ಚಿನ್ನರಾಜ್ ರಜಾಕ್ಕೆ ಬಂದವನು ಈವತ್ತು ವಾಪಸ್ ಹೊರಟವ್ನೆ. ಅವನ ಕೈಲೇ ಈ ಕಾಗದ ಕೊಡ್ತಾ ಇದೀನಿ. ನಾಳೆ ಬೆಳಿಗ್ಗೆಗೆ ನಿನ್ನ ಕೈ ಸೇರಬೇಕು. ಸೇರದಿದ್ರೆ ಅವನ ಕಾಲು ಮುರೀತೀನಿ ಅಂತ ಹೇಳಿದೀನಿ. ಅವನು ನಕ್ಕ. ನಾನು ನಗಲಿಲ್ಲ.

ಮೊದಲು ಮುಖ್ಯವಾದ್ದು ಕೇಳು. ಹೋದ ವಾರ ಸೋಮವಾರ ನಾನು ಸಾವಿನ ಸುದ್ದಿ ಅಂತ ಒಂದು ಮೂಲೆ ಹರಿದು ಅಂಚೆಗೆ ಹಾಕಿದ ಕಾರ್ಡು ನಿನಗೆ ಬಂದಿರ್ತದೆ. ಅವ್ವ ಹೋದಳು ಅಂತ ಬರೆದಿದ್ದೆ. ಅದು ಸುಳ್ಳು. ಅವ್ವ ಸತ್ತಿಲ್ಲ. ಸಾಯ್ತಾ ಐದಾಳೆ, ಆದ್ರೆ ಇನ್ನೂ ಸತ್ತಿಲ್ಲ. ನೀನು ತಲೆ ಬೋಳಿಸಿಕೊಂಡಿರ್ತೀಯ, ನೀರು ಬಿಟ್ಟಿರ್ತೀಯ, ಗುರುವಾರ ಹನ್ನೊಂದನೇ ದಿನಕ್ಕೆ ಬರೋಣ ಅಂತ ಕೂತಿರ್ತೀಯ. ಹಂಗೆ ಕೂರಬೇಡ. ಈ ಕಾಗದ ಓದಿದ ಕೈಲೇ ಎದ್ದು ಬಾ. ತಂತಿ ಕೊಡೋಣ ಅಂತ ಮೊರಪ್ಪೂರು ಟೇಸನ್ನಿಗೆ ಹೋಗಿದ್ದೆ. ‘ಅವ್ವ ಸತ್ತಿಲ್ಲ ಬಾ’ ಅಂತ ಬರಕೊಳ್ಳಯ್ಯಾ ಅಂದ್ರೆ ತಂತಿ ಬಾಬು ನನ್ನ ಬಾಯಿ ವಾಸನೆ ನೋಡಿದ. ಮೇಜಿನ ಮೇಲಿದ್ದ ಶಾಯಿ ಬುಡ್ಡಿ ಎತ್ತಿ ಗೋಡೆಗೆ ಹೊಡೆದು ಬಂದೆ. ಅದಕ್ಕೇ ಈ ಕಾಗದ. ಅಪ್ಪ ಕಲಿಸಿದ ಕನ್ನಡ ಅಕ್ಷರ, ಮೂರನೇ ಕ್ಲಾಸಲ್ಲಿ ಮೇಷ್ಟ್ರ ಕೈ ಕಚ್ಚಿ ಓಡಿಬಂದವನ ಬರಹ. ತಪ್ಪು ಹುಡುಕಬೇಡ.

ಹೆಂಗಾಯ್ತು ಅಂತ ಹೇಳ್ತೀನಿ. ದೀಪಾವಳಿಯಿಂದ ಅವ್ವನ ಹೊಟ್ಟೇಲಿ ಗಡ್ಡೆ ಐತೆ ಅನ್ನೋದು ನಿನಗೆ ಗೊತ್ತು. ಸಂಕ್ರಾಂತಿ ಆದ ಮೇಲೆ, ತೈ ತಿಂಗಳಲ್ಲಿ ಧರ್ಮಪುರಿಗೆ ಬಂಡಿ ಕಟ್ಟಿ ಕರಕೊಂಡು ಹೋದಾಗ ಅಲ್ಲಿನ ಡಾಕ್ಟರು ಹೊಟ್ಟೆ ಒತ್ತಿ ನೋಡಿ, ಕೈ ತೊಳಕೊಂಡು, ಶಿವರಾತ್ರಿ ದಾಟಿದ್ರೆ ಹೆಚ್ಚು ಅಂದ. ಕುಡಿಯೋಕೆ ಒಂದು ಕಹಿ ನೀರು ಕೊಟ್ಟ. ಸಾಯೋಳಿಗೆ ಕಹಿ ಯಾಕೆ ಅಂತ ಆ ಸೀಸೆ ತೊಪ್ಪೆಗುಂಡಿಗೆ ಎಸೆದೆ. ನಾನು ನಲವತ್ತು ವರ್ಷ ಬಂಡಿ ಹೊಡೆದವನು. ಎಷ್ಟು ಎತ್ತು ನನ್ನ ತೊಡೆ ಮೇಲೆ ತಲೆ ಇಟ್ಟು ಸತ್ತವೆ. ಕಿವಿ ತುದಿ ತಣ್ಣಗಾದ್ರೆ ಒಂದು ದಿನ, ಮೂತಿ ಒಣಗಿದ್ರೆ ಅರ್ಧ ದಿನ. ಸಾವು ಬಂದು ಬಾಗಿಲಲ್ಲಿ ನಿಂತ್ರೆ ನನಗೆ ಯಾವ ಡಾಕ್ಟರೂ ಹೇಳಬೇಕಾಗಿಲ್ಲ ಅಂತ ಊರಲ್ಲೆಲ್ಲ ಹೇಳಿಕೊಂಡು ತಿರುಗಿದವನು ನಾನು. ಸೋಮವಾರ ಬೆಳಿಗ್ಗೆ ನಿನ್ನ ಅತ್ತಿಗೆ ಗಂಗಲಕ್ಷ್ಮಿ ಅಂಬಲಿ ಹಿಡಕೊಂಡು ಹೋಗಿ ಕೂಗಿಕೊಂಡಳು. ನಾನು ಹೋಗಿ ನೋಡಿದೆ. ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿತ್ತು, ದವಡೆ ಕಚ್ಚಿತ್ತು, ಕಿವಿ ಮಂಜುಗಡ್ಡೆ. ಹತ್ತಿ ಎಳೆ ಮೂಗಿನ ಹತ್ರ ಹಿಡಿದೆ, ಅಲ್ಲಾಡಲಿಲ್ಲ. ಬಾಯಿಗೆ ಒಂದು ಗುಟುಕು ಹಾಲು ಬಿಟ್ಟೆ. ಅದು ಕೆನ್ನೆ ಮೇಲೆ ಹರಿದು ಬಂತು. ಮುಗೀತು ಅಂದೆ. ನಾನೇ ಅಂದದ್ದು. ಬೇರೆ ಯಾರೂ ಅಲ್ಲ.

ಆಮೇಲೆ ನಡೆಯೋದೆಲ್ಲ ನಡೀತು. ಮಂಚದಿಂದ ಇಳಿಸಿ ಹೊರಗೆ ಚಪ್ಪರದ ಕೆಳಗೆ ತೆಂಕಣ ತಲೆ ಮಾಡಿ ಮಲಗಿಸಿದ್ವಿ. ಕಾಲು ಹೆಬ್ಬೆರಳು ಜೋಡಿಸಿ ಕಟ್ಟಿದ್ವಿ. ನಿನಗೆ ಕಾರ್ಡು ಬರೆದು ಅಂಚೆಗೆ ಕಳಿಸಿದೆ. ಪೆರುಮಾಳ್ ಬಂದು ತಮಟೆ ಕಾಯಿಸಿ ಬಡಿಯೋಕೆ ಶುರು ಮಾಡಿದ. ಮಧ್ಯಾಹ್ನ ನೆರಳು ಕಾಲಡಿ ಬಂದ ಹೊತ್ತು. ಇದ್ದಕ್ಕಿದ್ದಂಗೆ ತಮಟೆ ನಿಂತೋಯ್ತು. ಪೆರುಮಾಳ್ ಹಿಂದಕ್ಕೆ ಸರೀತಾ, ‘ಸಾಮಿ, ಅಮ್ಮಾ ಕಣ್ಣ್ ಮುಳಿಚ್ಚಿಟ್ಟಾಂಗ’ ಅಂದ, ಕಣ್ಣು ಬಿಟ್ಟವ್ರೆ ಅಂತ. ಕುಡಿದು ಬಂದು ನಮ್ಮವ್ವನ ಹೆಣದ ಮುಂದೆ ಆಟ ಆಡ್ತಾನೆ ಅಂತ ನನಗೆ ನೆತ್ತಿಗೇರಿ ಅವನ ಬಾಯಿಗೆ ಒಂದು ಬಿಟ್ಟೆ. ಒಂದು ಹಲ್ಲು ಉದುರಿತು. ಅವನು ಬಾಯಿ ಹಿಡಕೊಂಡು ಮಣ್ಣಲ್ಲಿ ಕೂತ. ಆಗ ಅವ್ವ ಕೆಮ್ಮಿದಳು. ಗಂಟಲಲ್ಲಿ ನಿಂತಿದ್ದ ಹಾಲು ಉಗುಳಿ, ‘ಯಾರು ಸತ್ರೋ ಕೃಷ್ಣಾ, ಬಡಿಯೋದು ನಮ್ಮ ಬೀದೀಲೇ ಕೇಳ್ತೈತಲ್ಲ’ ಅಂದಳು.

ಚಿಕ್ಕಾ, ಅಲ್ಲಿದ್ದ ಐವತ್ತು ಜನ ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಹೆಂಗಸರ ಕೂಗು ಆ ಕಡೆ ಕೆರೆ ತನಕ ಕೇಳಿರಬೇಕು. ನಾನು ಅವಳ ಕಾಲು ಬೆರಳು ಬಿಚ್ಚಿದೆ. ಬಿಗಿಯಾಗಿ ಕಟ್ಟಿದ್ದೆ, ಗಾಯ ಆಗಿತ್ತು. ಎತ್ತಿಕೊಂಡು ಒಳಗೆ ಹೋಗೋಣ ಅಂದ್ರೆ ನಮ್ಮ ದೊಡ್ಡಪ್ಪನ ಮಗ ಗೋವಿಂದಪ್ಪ ಹೊಸಲಿಗೆ ಅಡ್ಡ ನಿಂತಿದ್ದ. ಅವನ ಹಿಂದೆ ಬೀದಿ ಗಂಡಸರು ಏಳೆಂಟು ಜನ, ಕೈಲಿ ದೊಣ್ಣೆ. ‘ತಮಟೆ ಕೇಳಿ ಎದ್ದದ್ದು ನಿಮ್ಮವ್ವ ಅಲ್ಲ ಕಣ್ಲಾ, ಇನ್ನೇನೋ ಒಕ್ಕೈತೆ. ಒಳಕ್ಕೆ ಬಿಟ್ರೆ ಬೀದೀಲಿ ಇನ್ನೊಂದು ಎಣ ಬೀಳ್ತದೆ’ ಅಂದ. ನಿನಗೂ ಗೊತ್ತಿರೋ ಮಾತೇ. ತಮಟೆ ಬಡಿದು ಹೊರಗೆ ಮಲಗಿಸಿದ ಮೇಲೆ ಹೊಸಲು ದಾಟಿ ಒಳಗೆ ಬರಬಾರದು ಅಂತಾರೆ. ಅಜ್ಜಿ ಕಾಲದಲ್ಲಿ ಯಾರೋ ಹಂಗೆ ಎದ್ದು ಕೂತರೆ ಕೆರೆ ಏರಿ ಮೇಲೆ ಗುಡಿಸಲು ಹಾಕಿ ಇಟ್ಟಿದ್ದರಂತೆ. ಕೇಳಿದಾಗ ನಾನೂ ಸರಿ ಅಂತಿದ್ದೆ. ಬೇರೆಯವರ ಅವ್ವ ಆದ್ರೆ ಎಲ್ಲಾ ಸರಿ. ನನ್ನ ತೋಳಲ್ಲಿ ಅವ್ವ, ಒಂದು ಮಂಕರಿ ಹುಲ್ಲಿನಷ್ಟು ತೂಕ ಇಲ್ಲ, ‘ಬಿಸಿಲು ಕಣೋ, ಒಳಕ್ಕೆ ಕರಕೊಂಡೋಗು’ ಅಂತಾಳೆ. ಇವನು, ‘ಕೆರೆ ಏರಿ ಮೇಲೆ ಇಡು’ ಅಂತಾನೆ. ‘ಎಣ ಬೀಳೋದಾದ್ರೆ ನಿಂದೇ ಬೀಳಲಿ’ ಅಂದೆ. ಅವ್ವನ್ನ ಗಂಗಲಕ್ಷ್ಮಿ ತೊಡೆ ಮೇಲೆ ಮಲಗಿಸಿ ಬಂಡಿಯಿಂದ ನೊಗದ ಗೂಟ ಕಿತ್ತುಕೊಂಡು ಬಂದೆ.

ನನಗೆ ಈಗ ಅರವತ್ತರ ಹತ್ರ ಅಂತ ಅವರು ಮರೆತಿದ್ರು. ನಾನೂ ಮರೆತಿದ್ದೆ. ಮೊದಲ ಏಟು ಗೋವಿಂದಪ್ಪನ ಮುಂಗೈಗೆ ಬಿತ್ತು, ಒಣಗಿದ ಜೋಳದ ದಂಟು ಮುರಿದಂಗೆ ಸದ್ದಾಯ್ತು. ಎರಡನೇದು ಯಾರ ಮೊಣಕಾಲಿಗೋ. ಅವರು ನನ್ನ ಬೆನ್ನು, ತಲೆ, ಸಿಕ್ಕ ಕಡೆಗೆಲ್ಲ ಹೊಡೆದರು. ತಲೆ ಒಡೆದು ರಕ್ತ ಕಣ್ಣಿಗೆ ಇಳಿದು ಯಾರು ಏನು ಕಾಣದೆ ಗೂಟ ಬೀಸ್ತಾನೇ ಇದ್ದೆ. ಅವ್ವ ಚಪ್ಪರದ ಕೆಳಗಿಂದ, ಕೊರಳಲ್ಲಿ ಹೆಣದ ಹಾರ ಹಾಕ್ಕೊಂಡೇ, ‘ಒಡೀಲಾ, ಗೋವಿಂದನಿಗೆ ಇನ್ನೊಂದು ಒಡೀಲಾ’ ಅಂತಿದ್ಳು. ಆಗಲೇ ನನಗೆ ಖಾತ್ರಿ ಆಗಿದ್ದು ಇದು ನಮ್ಮವ್ವನೇ ಅಂತ. ದೆವ್ವಕ್ಕೆ ಗೋವಿಂದಪ್ಪನ ಮೇಲೆ ಅಷ್ಟು ಹಳೆ ಸಿಟ್ಟು ಎಲ್ಲಿಂದ ಬರ್ತದೆ.

ಕೊನೆಗೆ ಬೀದಿ ಹೆಂಗಸರು ಅಳ್ತಾ ನಡುವೆ ಬಂದರು. ಪಕ್ಕದ ಮನೆ ಸಿದ್ದಲಕ್ಷ್ಮಮ್ಮನ ಮಗೂಗೆ ಅವತ್ತು ಜ್ವರ ಇತ್ತು. ಅವಳು ನನ್ನ ಕಾಲು ಹಿಡಕೊಂಡು, ‘ಅಣ್ಣಾ, ಹೊಸಲು ಮಾತ್ರ ದಾಟಿಸಬೇಡ, ನನ್ನ ಕೂಸು ಉಳೀಲಿ’ ಅಂದಳು. ಗಂಡಸರ ದೊಣ್ಣೆಗೆ ಬಗ್ಗದವನು ಅಲ್ಲಿ ಏನು ಮಾಡಲಿ ಹೇಳು. ಹೊಸಲು ದಾಟಿಸಲ್ಲ ಅಂದೆ. ಹಾರೆ ತಗೊಂಡು ಹಿತ್ತಲಿಗೆ ಹೋಗಿ ನಮ್ಮ ಹಿಂಗೋಡೆ ಒಡೆಯೋಕೆ ಶುರು ಮಾಡಿದೆ. ಅಪ್ಪ ಹಾಕಿದ ಗೋಡೆ, ಮುಂಡೇದು, ಎಂಥಾ ಮಣ್ಣು ಕಲಸಿದ್ದನೋ. ಹಾರೆ ಹಾಕಿದಂಗೆಲ್ಲ ವಾಪಸ್ ಎಗರ್ತದೆ. ತಲೆಯಿಂದ ರಕ್ತ ಸುರೀತಾ ಐತೆ, ನಾನು ಅಪ್ಪನ್ನ ಬೈತಾ ಬೈತಾ ಹೊಡೀತಾ ಇದೀನಿ. ಯಾರೂ ಹತ್ರ ಬರಲಿಲ್ಲ. ಬಂದವನು ಪೆರುಮಾಳ್ ಒಬ್ಬನೇ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದು, ಇನ್ನೊಂದು ಹಾರೆ ತಗೊಂಡ. ಇಬ್ಬರೂ ಸೇರಿ ಆಳು ನುಸುಳೋವಷ್ಟು ಕಂಡಿ ಮಾಡಿ ಅವ್ವನ್ನ ಅದರೊಳಗಿಂದ ಮನೆಗೆ ತಂದ್ವಿ. ಹಲ್ಲಿನ ಮಾತು ನಾನೂ ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಮಾರನೇ ದಿನ ಒಂದು ಮೂಟೆ ರಾಗಿ ಅವನ ಮನೆ ಮುಂದೆ ಇಳಿಸಿ ಬಂದೆ. ಸಿದ್ದಲಕ್ಷ್ಮಮ್ಮನ ಕೂಸಿಗೆ ಜ್ವರ ಇಳೀತು, ಈಗ ನಮ್ಮ ಹಿತ್ತಲಲ್ಲೇ ಮಣ್ಣು ತಿಂತಾ ಆಡ್ತೈತೆ.

ಗೋವಿಂದಪ್ಪ ಅಷ್ಟಕ್ಕೆ ಬಿಡಲಿಲ್ಲ. ಶುಕ್ರವಾರ ಕೈಗೆ ಬಿದಿರು ದಬ್ಬೆ ಕಟ್ಟಿಸಿಕೊಂಡು, ಕಡಯಂಪಟ್ಟಿ ಕಡೆಯ ಒಬ್ಬ ಮಂತ್ರದವನನ್ನ ಕರಕೊಂಡು ಬಂದ. ನಾನು ಹೊಲದಲ್ಲಿದ್ದೆ. ಗಂಗಲಕ್ಷ್ಮಿ ಓಡಿ ಬಂದು ಹೇಳಿದಾಗ ಕೈಲಿದ್ದದ್ದು ಬಿಟ್ಟು ಹೋದೆ. ಒಳಗಿದ್ದದ್ದು ಹೋಗಬೇಕು ಅಂದ್ರೆ ನೆತ್ತಿಗೆ ಬರೆ ಹಾಕಬೇಕು ಅಂತ ಆ ಮಂತ್ರದವನು ಕುಡುಗೋಲು ಕೆಂಪಗೆ ಕಾಯಿಸಿ ಅವ್ವನ ತಲೆ ಹತ್ರ ಹಿಡಿದವ್ನೆ. ಗೂಟ ಇಲ್ಲ, ದೊಣ್ಣೆ ಇಲ್ಲ, ಕೈಲಿ ಹಿಡಿದೆ. ಚರ್ಮ ಕುಡುಗೋಲಿಗೆ ಅಂಟಿಕೊಂಡಿತು. ಅವನ ಕೈಯಿಂದ ಕಿತ್ತು ಅವನ ಬೆನ್ನಿಗೆ ಅದೇ ಬರೆ ಎಳೆದೆ. ತೊಪ್ಪೂರು ಕಣಿವೆ ತನಕ ಕೂಗ್ತಾ ಓಡಿರಬೇಕು. ಗೋವಿಂದಪ್ಪನ್ನ ಏನೂ ಮಾಡಲಿಲ್ಲ. ಅವನು ಮೂಲೇಲಿ ಕೂತು ಮುರಿದ ಕೈ ಹಿಡಕೊಂಡು, ‘ಚಿಕ್ಕಮ್ಮ ನನಗೂ ಹಾಲು ಕುಡಿಸಿದವಳು ಕಣ್ಲಾ ಕೃಷ್ಣಾ, ಅವಳು ಅವಳಾಗೇ ಓಗಲಿ ಅಂತ ಮಾಡಿದ್ದು’ ಅಂತ ಅತ್ತ. ಅವನ ಅವ್ವ ಅವನನ್ನ ಹೆತ್ತು ಸತ್ತಿದ್ದು, ನಮ್ಮವ್ವನೇ ಎತ್ತಿಕೊಂಡಿದ್ದು ನನಗೆ ಮರೆತೇ ಹೋಗಿತ್ತು. ಈಗ ದಿನಾ ಸಂಜೆ ಬಂದು ಅವ್ವನ ಕಾಲ ಹತ್ರ ಕೂರ್ತಾನೆ. ನಾನೂ ಅವನೂ ಮಾತಾಡಲ್ಲ. ಅಕ್ಷರ ಸೊಟ್ಟ ಐದಾವಲ್ಲ, ಅದು ಸುಟ್ಟ ಕೈಯಿಂದ. ಬೆರಳು ಮಡಚೋಕೆ ಆಗಲ್ಲ.

ಈಗ ಅವ್ವನ ವಿಷಯ. ಮೊದಲ ಸಲ ತಪ್ಪಿದೆ, ಈ ಸಲ ತಪ್ಪಲ್ಲ. ಎತ್ತಿನ ಲೆಕ್ಕ ಬಿಟ್ಟು ಎಂಟು ದಿನದಿಂದ ಅವ್ವನನ್ನೇ ನೋಡ್ತಾ ಕೂತಿದೀನಿ. ಭಾನುವಾರದಿಂದ ಅಂಬಲಿ ಒಲ್ಲೆ ಅಂತಾಳೆ. ನೀರು ನಾಲಿಗೆ ಮೇಲೆ ಇಟ್ಟರೆ ಒಂದು ಹೊತ್ತು ಹಿಡಕೊಂಡು ಆಮೇಲೆ ನುಂಗ್ತಾಳೆ. ಉಚ್ಚೆ ದಿನಕ್ಕೆ ಒಂದು ಸಲ, ಅದೂ ಕೆಂಪಗೆ. ಹೊದಿಕೆ ಅಂಚನ್ನ ಬೆರಳಲ್ಲಿ ಎಳೀತಾಳೆ, ಎಳೀತಾಳೆ, ಹುಣಸೇಹಣ್ಣಿನ ನಾರು ಬಿಡಿಸ್ತಾ ಇದ್ದಂಗೆ. ಉಸಿರು ನಾಲ್ಕು ಸಲ ಬಂದು ನಿಲ್ತದೆ. ನಾನು ಎಣಿಸ್ತೀನಿ. ಹತ್ತು ಎಣಿಸೋವಷ್ಟರಲ್ಲಿ ಮತ್ತೆ ಬರ್ತದೆ. ನಿನ್ನೆ ಹದಿನಾಲ್ಕು ತನಕ ಹೋಯ್ತು. ಮಾತು ಮಾತ್ರ ಸರಿಯಾಗಿ ಐತೆ, ಬಂದಾಗ. ನಿನ್ನ ಕೇಳ್ತಾಳೆ. ‘ಚಿಕ್ಕ ತಲೆ ಬೋಳಿಸ್ಕೊಂಡಿರ್ತಾನೇನೋ’ ಅಂತ ಕೇಳಿ ನಕ್ಕಳು. ಹೌದವ್ವ ಅಂದೆ. ‘ಪೇಟ ಸುತ್ಕೊಂಡು ಬರೋಕೆ ಏಳು, ಅವನ ತಲೆ ಒಳ್ಳೇ ಸೋರೆಬುರುಡೆ’ ಅಂದಳು. ಆಮೇಲೆ ಅಂದಳು, ‘ನೀನು ಅವತ್ತು ಬಿಟ್ಟ ಹಾಲು ಗಂಟಲಲ್ಲಿ ಇಳೀಲಿಲ್ಲ. ಒಂದೇ ಕೈ ಹಾಲು ಇಳಿಯಲ್ಲ ಕಣೋ. ಇಬ್ಬರೂ ಬಿಡಬೇಕು.’ ಶುಕ್ರವಾರ ಅಮಾವಾಸ್ಯೆ. ಅದನ್ನ ದಾಟಲ್ಲ. ನೀನು ನಾಳೆ ಹೊರಟರೆ ಸಿಗ್ತಾಳೆ.

ನೀನು ಯಾಕೆ ಆರು ವರ್ಷದಿಂದ ಬಂದಿಲ್ಲ ಅನ್ನೋದು ನನಗೂ ನಿನಗೂ ಗೊತ್ತು. ತೊಪ್ಪೂರು ಇಳಿಜಾರಲ್ಲಿ ಹುಣಸೆ ಮೂಟೆ ಬಂಡಿ ಜಾರಿತು. ಚಕ್ರಕ್ಕೆ ಅಡ್ಡಮರ ಕಟ್ಟೋಕೆ ನೀನು ಒಂದು ಬೀಡಿಯಷ್ಟು ಹೊತ್ತು ತಡ ಮಾಡಿದೆ. ಚಕ್ರ ಮುರೀತು, ಅಷ್ಟೇ. ಒಂದು ಚಕ್ರ. ಅದಕ್ಕೆ ನಾನು ಬಾರುಕೋಲು ತಿರುಗಿಸಿ ಕಬ್ಬಿಣದ ತುದೀಲಿ ನಿನ್ನ ಮುಖಕ್ಕೆ ಹೊಡೆದು ಎಡಗಣ್ಣು ತೆಗೆದೆ. ಮನೆಗೆ ಬಂದು ಅವ್ವನಿಗೆ ಕೆಂದ ಎತ್ತು ತಿವೀತು ಅಂದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ನೀನು, ‘ಊಂ, ಎತ್ತೇ ತಿವಿದಿದ್ದು’ ಅಂದೆ. ಅವ್ವ ಕುದಿಯೋ ಗಂಜಿ ತಂದು ಕೆಂದನ ಮುಖಕ್ಕೆ ಎರಚಿದಳು. ಮಾರನೇ ಸಂತೇಲಿ ಕಟುಕರಿಗೆ ಕೊಡಿಸಿದಳು. ಆ ಎತ್ತು ಹೋಗ್ತಾ ನನ್ನ ಕಡೆ ತಿರುಗಿ ನೋಡಿದ್ದು ನನಗೆ ಊಟ ಮಾಡೋವಾಗ ಕಾಣ್ತದೆ. ಆಮೇಲೆ ನೀನು ಒಂದು ಮಾತಾಡದೆ ಗಣಿಗೆ ಹೋದೆ. ನನ್ನ ಮೇಲೆ ಸಿಟ್ಟಿದ್ರೆ ಇರಲಿ, ಇರಬೇಕು. ಬಂದು ನನ್ನ ಜತೆ ಮಾತಾಡಬೇಡ, ನನ್ನ ಮನೇಲಿ ನೀರು ಕುಡೀಬೇಡ, ಬೇಕಾದ್ರೆ ನೀನೂ ಒಂದು ಕೋಲು ತಗೊಂಡು ಬಾ. ಆದ್ರೆ ಅವ್ವನ ಹತ್ರ ಬಾ. ಕಣ್ಣಿನ ನಿಜ ಅವ್ವನಿಗೆ ಹೇಳೋಕೆ ನನಗೆ ಬಾಯಿ ಬರಲ್ಲ. ಜನರ ಕೈ ಮುರಿಯೋಕೆ ಬರ್ತದೆ, ಇದು ಬರಲ್ಲ. ಎತ್ತು ತಿವಿದಿದ್ದು ಅಂತಲೇ ಅವಳು ಹೋಗಲಿ, ನೀನೂ ಹಂಗೇ ಇರು. ಇದೊಂದು ಕೇಳಿಕೊಳ್ತೀನಿ.

ಮೊರಪ್ಪೂರು ಟೇಸನ್ನಿನ ಹೊರಗೆ ನಾಳೆಯಿಂದ ನಮ್ಮ ಬಂಡಿ ನಿಂತಿರ್ತದೆ. ಪೆರುಮಾಳ್ ಹೊಡಕೊಂಡು ಬರ್ತಾನೆ. ಯಾವ ರೈಲಿಂದ ಇಳಿದರೂ ಅವನು ಇರ್ತಾನೆ, ಬಂಡಿ ಹತ್ತಿ ಬಾ. ಮನೆಗೆ ಬಂದಾಗ ಮುಂದಿನ ಬಾಗಿಲಿಗೆ ಹೋಗಬೇಡ, ಅದು ಮುಚ್ಚೈತೆ. ಹಿತ್ತಲ ಕಡೆಯಿಂದ ಬಾ.

ಮಂಜುಳಮ್ಮನ್ನ ಕೇಳಿದೆ ಅಂತ ಹೇಳು, ಕೂಸಿಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ನಿನ್ನ ಎದೆಗೆ ಬಿಸಿ ಎಣ್ಣೆ ತಿಕ್ಕಿಸಿಕೋ. ದೇವರು ನಿಮ್ಮನ್ನ ಚೆನ್ನಾಗಿ ಇಟ್ಟಿರಲಿ, ನನ್ನ ಪಾಲಿಂದೂ ಸೇರಿಸಿ ನಿಮಗೇ ಕೊಡಲಿ.

ಹಿಂಗೆ ಬರೆದವನು,
ನಿನ್ನ ಅಣ್ಣ
ಮುನಿಕೃಷ್ಣಪ್ಪ

ಇನ್ನೊಂದು: ಕಾಗದ ಮಡಿಸಿ ಆಗಿತ್ತು, ಬಿಚ್ಚಿ ಬರೀತಾ ಇದೀನಿ. ಚಿನ್ನರಾಜ್ ಹಿತ್ತಲಲ್ಲಿ ನಿಂತು ರೈಲು ತಪ್ತದೆ ಅಂತ ಬಡಕೊಳ್ತಾ ಅವ್ನೆ. ಮೇಲೆ ಬರೆದದ್ದನ್ನ ಕೇಳಬೇಡ. ಎತ್ತಿನ ಮಾತು ಇನ್ನು ಬೇಡ. ಕಾಗದ ಹಿಡಕೊಂಡು ಒಳಗೆ ಹೋದಾಗ ಅವ್ವ ಎಚ್ಚರವಾಗಿದ್ದಳು. ‘ಚಿಕ್ಕನಿಗೆ ಏನು ಬರೆದೆ’ ಅಂದಳು. ಏನೋ ಬರೆದೆ ಅಂದೆ. ‘ಓದು’ ಅಂದಳು. ಓದೋಕೆ ಶುರು ಮಾಡಿದೆ. ತೊಪ್ಪೂರಿನ ಹತ್ರ ಬಂದಾಗ ಬಿಟ್ಟು ಓದೋಣ ಅಂದ್ಕೊಂಡೆ, ನಾಲಿಗೆ ನಿಲ್ಲಲಿಲ್ಲ, ಪೂರಾ ಓದಿಬಿಟ್ಟೆ. ಅವ್ವ ಎದ್ದು ಕೂತಳು ಚಿಕ್ಕಾ. ಎಂಟು ದಿನದಿಂದ ತಲೆ ಎತ್ತದವಳು ತಾನಾಗೇ ಎದ್ದು ಕೂತು ನನ್ನ ಕೆನ್ನೆಗೆ ಹೊಡೆದಳು. ಎರಡು ಸಲ. ನೋವೇನೂ ಆಗಲಿಲ್ಲ, ಒಣಗಿದ ಎಲೆ ತಾಗಿದಂಗಿತ್ತು. ‘ಬಾಯಿಲ್ಲದ ಎತ್ತಿಗೆ ಕುದಿಯೋ ಗಂಜಿ ಎರಚಿಸಿದೆಯಲ್ಲೋ ನನ್ನ ಕೈಲಿ’ ಅಂದಳು. ನಿನ್ನ ಕಣ್ಣಿಗಿಂತ ಮುಂಚೆ ಅದನ್ನೇ ಅಂದಳು. ಆಮೇಲೆ ನಿನ್ನ ಹೆಸರು ಹಿಡಿದು ಅತ್ತಳು, ಕಣ್ಣಲ್ಲಿ ನೀರು ಬರಲಿಲ್ಲ, ನೀರೇ ಇಲ್ಲ ಅವಳ ಮೈಲಿ. ಈಗ ನನ್ನ ಕೈಯಿಂದ ಒಂದು ಹನಿ ತಗೊಳ್ಳಲ್ಲ, ಗಂಗಲಕ್ಷ್ಮಿ ಬಟ್ಟೆ ಒದ್ದೆ ಮಾಡಿ ತುಟಿಗೆ ಹಚ್ತಾಳೆ. ಅವ್ವನ ಮಾತು ಇದು, ಇದ್ದಂಗೇ ಬರೀತೀನಿ: ಹಾಲು ಮೊದಲು ಚಿಕ್ಕ ಬಿಡಲಿ, ಆಮೇಲೆ ನೀನು ಬಿಡಬೇಕೋ ಬೇಡವೋ ಅವನೇ ಹೇಳಲಿ, ಅವನು ಬೇಡ ಅಂದ್ರೆ ನೀನು ಹೊರಗೆ ನಿಂತಿರು. ಸರಿ ಅಂದಿದೀನಿ. ನೀನು ಬೇಡ ಅಂದ್ರೆ ನಾನು ಒಂದು ಮಾತೂ ಆಡಲ್ಲ, ಕೈ ಎತ್ತಲ್ಲ, ಹೊರಗೆ ನಿಲ್ತೀನಿ. ಆದ್ರೆ ಅದನ್ನ ನೀನೇ ಬಂದು ಹೇಳಬೇಕು. ಹೇಳೋಕಾದ್ರೂ ಬಾ.